ಕಬ್ಬಿಣದ ಹಂಚು ಬಂತು, ತಿಕ್ಕುವ ನಾರು ಬದಲಾಗಲಿಲ್ಲ

ಬೀಡು ಕಬ್ಬಿಣದ ದೋಸೆ ಹಂಚು, ಪಡ್ಡಿನ ಹಂಚು, ಬಾಣಲೆಗಳು ನಗರದ ಅಡುಗೆಮನೆಗಳಿಗೆ ಮರಳಿ ಬಂದಿವೆ. ಒಂದು ಕಾಲಕ್ಕೆ ಭಾರವೆಂದು ಅಟ್ಟ ಸೇರಿದ್ದ ಪಾತ್ರೆಗಳನ್ನೇ ಜನ ಈಗ ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿ ತರಿಸಿಕೊಳ್ಳುತ್ತಿದ್ದಾರೆ. ನಾನ್‌ಸ್ಟಿಕ್ ತವಾದ ಲೇಪನ ಎದ್ದುಬರುವುದನ್ನು ಕಂಡು ಬೇಸತ್ತವರು, ಊಟದ ಮೂಲಕ ಮೈಗೆ ಒಂದಿಷ್ಟು ಕಬ್ಬಿಣದ ಅಂಶ ಸೇರಲಿ ಎಂದುಕೊಂಡವರು, ಅಜ್ಜಿ ಹುಯ್ಯುತ್ತಿದ್ದ ಗರಿಗರಿ ದೋಸೆಯ ರುಚಿ ಮರೆಯದವರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಆದರೆ ಆಸೆಯಿಂದ ತಂದ ಈ ಹಂಚುಗಳಲ್ಲಿ ಎಷ್ಟೋ ಕೆಲವೇ ತಿಂಗಳಲ್ಲಿ ಮತ್ತೆ ಅಟ್ಟ ಹತ್ತುತ್ತಿವೆ. ದೋಸೆ ಏಳುವುದಿಲ್ಲ, ತುಕ್ಕು ಹಿಡಿಯಿತು, ತೊಳೆಯುವುದೇ ತಲೆನೋವು ಎಂಬ ದೂರು ಮನೆಮನೆಯಲ್ಲೂ ಕೇಳಿಬರುತ್ತದೆ. ಇದರಲ್ಲಿ ಕಬ್ಬಿಣದ ತಪ್ಪಿಲ್ಲ, ದೋಸೆ ಹುಯ್ಯುವವರ ತಪ್ಪೂ ಇಲ್ಲ. ಒಲೆಯ ಮೇಲೆ ಚೆನ್ನಾಗಿಯೇ ಇದ್ದ ಹಂಚು ಕೆಡುವುದು ಸಿಂಕಿಗೆ ಇಳಿದ ಮೇಲೆ.

ಹಳೆಯ ಹಂಚೇನೋ ಮನೆಗೆ ಬಂತು, ಅದನ್ನು ತೊಳೆಯುವ ತಿಳಿವಳಿಕೆ ಜೊತೆಗೆ ಬರಲಿಲ್ಲ. ಸಿಂಕಿನ ಪಕ್ಕದಲ್ಲಿ ಇರುವುದು ಸ್ಟೀಲ್ ತಟ್ಟೆ ಲೋಟಗಳಿಗೆಂದು ತಂದ ಹಸಿರು ಸ್ಕ್ರಬ್, ಸ್ಟೀಲ್ ನಾರಿನ ಉಂಡೆ, ಪಾತ್ರೆ ತೊಳೆಯುವ ಸೋಪಿನ ಬಾರ್. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಉಳಿದ ಮುಸುರೆ ಪಾತ್ರೆಗಳ ಜೊತೆ ಹಂಚನ್ನೂ ಎತ್ತಿಕೊಳ್ಳುತ್ತಾಳೆ. ಪಾತ್ರೆ ಬೆಳಗಬೇಕೆಂಬ ಕಾಳಜಿಯಿಂದಲೇ ಕರಿ ಬಿಡುವವರೆಗೆ ತಿಕ್ಕಿ, ತೊಳೆದು, ಒದ್ದೆಯಾಗಿಯೇ ಬುಟ್ಟಿಯಲ್ಲಿ ಬೋರಲು ಹಾಕಿ ಮುಂದಿನ ಮನೆಗೆ ಹೋಗುತ್ತಾಳೆ. ಬೆಳಿಗ್ಗೆ ನೋಡಿದರೆ ಹಂಚಿನ ಮೈತುಂಬ ಕೆಂಪು ತುಕ್ಕು. ಬೈಗುಳ ಮಾತ್ರ ಅವಳಿಗೆ. ಹಂಚು ಪಳಗಿ ಬಂದ ಆ ಕರಿಯನ್ನು ಕೊಳೆಯೆಂದು ತಿಳಿಯಬಾರದು, ಅದನ್ನು ಉಳಿಸಿಕೊಳ್ಳಬೇಕು ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಹೇಳಿದ್ದರೂ, ಸೀದದ್ದನ್ನು ಕಿತ್ತು ಕರಿಯನ್ನು ಉಳಿಸುವ ಸಾಧನವನ್ನು ಅವಳ ಕೈಗೆ ಕೊಟ್ಟಿರುವುದಿಲ್ಲ.

ಅಂಥದ್ದೊಂದು ಸಾಧನ ಇದೆ. ಚೈನ್‌ಮೇಲ್ ಸ್ಕ್ರಬ್ಬರ್ ಎಂಬ ಹೆಸರಿನಲ್ಲಿ ಸಿಗುವ ಅದು, ಸ್ಟೇನ್‌ಲೆಸ್ ಸ್ಟೀಲಿನ ಪುಟ್ಟ ಬಳೆಗಳನ್ನು ಒಂದಕ್ಕೊಂದು ಕೋದು ಹೆಣೆದ, ಅಂಗೈಗಿಂತ ತುಸು ದೊಡ್ಡದಾದ ಬಲೆ. ಬಹುಮಟ್ಟಿಗೆ ಎಲ್ಲ ಕಡೆ ಬಳಕೆಯಲ್ಲಿರುವ ನೇಯ್ಗೆಯಲ್ಲಿ ಪ್ರತಿಯೊಂದು ಬಳೆಯೂ ಸುತ್ತಲಿನ ನಾಲ್ಕು ಬಳೆಗಳೊಳಗೆ ಹಾದುಹೋಗಿರುತ್ತದೆ. ಮುದುರಿದರೆ ಮುಷ್ಟಿಯಲ್ಲಿ ಅಡಗುತ್ತದೆ, ಬಿಡಿಸಿದರೆ ಹಂಚಿನ ಮೇಲೆ ಹರಡಿಕೊಳ್ಳುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಕಬ್ಬಿಣದ ಪಾತ್ರೆ ಇರುವ ಪ್ರತಿ ಮನೆಯಲ್ಲೂ ಇದು ಸಿಂಕಿನ ಪಕ್ಕ ಇರಬೇಕು. ಹಂಚು ಮಾರುವವರು ಹಂಚಿನ ಜೊತೆಗೇ ಇದನ್ನು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಾತ್ರೆ ತೊಳೆಯುವವರು ಯಾರೋ ಅವರ ಕೈಗೆ ಇದು ತಲುಪಬೇಕು, ಬಳಕೆಯ ಕ್ರಮ ಅವರಿಗೆ ಗೊತ್ತಾಗಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಹಂಚಿನ ಮೈಯಲ್ಲೇ ಇದೆ.

ಬೀಡು ಕಬ್ಬಿಣದಲ್ಲಿ ಸುಮಾರು ಶೇ 2ರಿಂದ 4ರಷ್ಟು ಇಂಗಾಲ ಬೆರೆತಿರುತ್ತದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇಂಗಾಲ ಸೇರಿದಾಗ ಅದು 1,200 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ. ಹಾಗಾಗಿಯೇ ಅದನ್ನು ಅಚ್ಚಿಗೆ ಹೊಯ್ಯುವುದು ಸುಲಭ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಪೇಟೆಂಟ್ ಪಡೆದದ್ದು ಮರಳಿನ ಅಚ್ಚಿನಲ್ಲಿ ಕಬ್ಬಿಣದ ಅಡುಗೆ ಪಾತ್ರೆ ಎರೆಯುವ ವಿಧಾನಕ್ಕೆ. ಬೆಳಗಾವಿ, ಕೊಲ್ಹಾಪುರ, ಕೊಯಮತ್ತೂರುಗಳ ಫೌಂಡ್ರಿಗಳಲ್ಲಿ ಇಂದಿಗೂ ಮರಳಿನ ಅಚ್ಚೇ ಎರಕದ ಕೆಲಸಕ್ಕೆ ಆಧಾರ. ಮರಳಿನಿಂದ ಎದ್ದುಬಂದ ಪಾತ್ರೆಯ ಮೈ ತರಿತರಿ. ಬೆರಳಾಡಿಸಿದರೆ ಸಣ್ಣ ಸಣ್ಣ ಉಬ್ಬು ತಗ್ಗುಗಳು ತಿಳಿಯುತ್ತವೆ. ಅಮೆರಿಕದ ಗ್ರಿಸ್‌ವೋಲ್ಡ್, ವ್ಯಾಗ್ನರ್‌ನಂಥ ಹಳೆಯ ತಯಾರಕರು ಎರಕವಾದ ಮೇಲೆ ಒಳಮೈಯನ್ನು ಅರೆದು ನುಣುಪು ಮಾಡುತ್ತಿದ್ದರು. ಈಗಿನ ಹಂಚುಗಳಲ್ಲಿ ಹೆಚ್ಚಿನವು ತರಿಯಾಗಿಯೇ ಮಾರಾಟಕ್ಕೆ ಬರುತ್ತವೆ.

ಇಂಥ ಮೈಗೆ ತೆಳುವಾಗಿ ಎಣ್ಣೆ ಸವರಿ ಚೆನ್ನಾಗಿ ಕಾಯಿಸಿದಾಗ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಅದರಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಶಾಖ ಮತ್ತು ಆಮ್ಲಜನಕದ ಜೊತೆ ವರ್ತಿಸಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಗಟ್ಟಿಯಾದ ಕಪ್ಪು ಪೊರೆಯಾಗುತ್ತವೆ. ರಸಾಯನಶಾಸ್ತ್ರದಲ್ಲಿ ಇದನ್ನು ಪಾಲಿಮರ್ ಎನ್ನುತ್ತಾರೆ. ಅಗಸೆ ಎಣ್ಣೆ ಬಳಿದ ಮರದ ಬಾಗಿಲು ಒಣಗಿ ಹೊಳಪು ಗಟ್ಟಿಯಾಗುವುದರ ಹಿಂದೆಯೂ ಇದೇ ಕ್ರಿಯೆ ಇದೆ. ಹಂಚು ಪಳಗುವುದು ಎಂದರೆ ಈ ಪೊರೆ ತಗ್ಗುಗಳಲ್ಲಿ ಬೇರೂರಿ, ಪದರದ ಮೇಲೆ ಪದರವಾಗಿ ಬೆಳೆಯುವುದು. ಸೂರ್ಯಕಾಂತಿ, ಕಡಲೆಕಾಯಿ, ಎಳ್ಳೆಣ್ಣೆಗಳಲ್ಲಿ ಅಪರ್ಯಾಪ್ತ ಕೊಬ್ಬು ಹೆಚ್ಚಿರುವುದರಿಂದ ಪೊರೆ ಚೆನ್ನಾಗಿ ಕಟ್ಟುತ್ತದೆ. ತೆಂಗಿನೆಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು. ಅಡುಗೆಗೆ ಅದೆಷ್ಟು ಒಳ್ಳೆಯದಾದರೂ ಹೊಸ ಹಂಚು ಪಳಗಿಸಲು ಅಷ್ಟು ಒದಗುವುದಿಲ್ಲ. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಆದರೆ ಆ ಪೊರೆ ಪೆಡಸಾಗಿ ಚಕ್ಕೆ ಏಳುವುದುಂಟು.

ಹಾಗಾದರೆ ತೊಳೆಯುವ ಕೆಲಸದ ಸೂತ್ರ ಸರಳ. ಪೊರೆಯ ಮೇಲೆ ಕೂತದ್ದು ಹೋಗಬೇಕು, ಪೊರೆ ಉಳಿಯಬೇಕು. ಮೇಲೆ ಕೂರುವುದು ಮುಖ್ಯವಾಗಿ ಎರಡು ಬಗೆಯದು. ಒಂದು ಹಸಿ ಜಿಡ್ಡು, ಇನ್ನೊಂದು ಸೀದು ಕಚ್ಚಿಕೊಂಡ ಹಿಟ್ಟು, ಬೆಲ್ಲ, ಮಸಾಲೆ.

ಜಿಡ್ಡಿಗೆ ಸೋಪಿನ ನೀರು ಸಾಕು. ಕಬ್ಬಿಣಕ್ಕೆ ಸೋಪು ತಾಗಿಸಲೇಬಾರದು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದಕ್ಕೊಂದು ಹಿನ್ನೆಲೆಯೂ ಇದೆ. ಹಿಂದಿನ ಕಾಲದಲ್ಲಿ ಕಾಸ್ಟಿಕ್ ಸೋಡಾದಿಂದ ತಯಾರಾದ ಸೋಪುಗಳಲ್ಲಿ ಕ್ಷಾರ ಉಳಿದುಬಿಡುತ್ತಿತ್ತು, ಮತ್ತು ತೀಕ್ಷ್ಣ ಕ್ಷಾರ ಈ ಪೊರೆಯನ್ನು ನಿಜವಾಗಿಯೂ ಕರಗಿಸುತ್ತದೆ. ಈಗಿನ ಪಾತ್ರೆ ತೊಳೆಯುವ ದ್ರವದಲ್ಲಿ ಕಾಸ್ಟಿಕ್ ಸೋಡಾದ ಅಂಥ ಕಾಟವಿಲ್ಲ. ಅಮೆರಿಕದ ಟೆನೆಸಿಯಲ್ಲಿ 1896ರಿಂದ ಕಬ್ಬಿಣದ ಪಾತ್ರೆ ಎರೆಯುತ್ತಿರುವ ಲಾಡ್ಜ್ ಕಂಪನಿ ಕೂಡ ಸ್ವಲ್ಪ ಸೋಪು ಬಳಸಬಹುದು ಎಂದೇ ಹೇಳುತ್ತದೆ. ತೊಡಕು ಇರುವುದು ಬಾರ್ ಮತ್ತು ಪುಡಿಗಳಲ್ಲಿ. ಅವುಗಳಲ್ಲಿ ಉಜ್ಜಲೆಂದೇ ಬೆರೆಸಿದ ಖನಿಜದ ಪುಡಿ ಇರುತ್ತದೆ. ಸ್ಟೀಲ್ ತಟ್ಟೆಗೆ ಅದು ಸರಿ, ಪಳಗಿದ ಹಂಚಿಗೆ ಬೇಡ.

ಸೀದು ಕಚ್ಚಿಕೊಂಡದ್ದನ್ನು ತೆಗೆಯಲು ಮಾತ್ರ ಏನನ್ನಾದರೂ ಉಜ್ಜಲೇಬೇಕು. ಇಲ್ಲಿಯೇ ಸಾಧನದ ಆಯ್ಕೆ ನಿರ್ಣಾಯಕ. ಹಸಿರು ಸ್ಕ್ರಬ್ ನೋಡಲು ಮೆತ್ತಗಿದ್ದರೂ ಅದರ ಪ್ಲಾಸ್ಟಿಕ್ ಎಳೆಗಳಿಗೆ ಅಲ್ಯುಮಿನಿಯಂ ಆಕ್ಸೈಡಿನ ಕಣಗಳನ್ನು ಅಂಟಿಸಿರುತ್ತಾರೆ. ಬಡಗಿಗಳು, ಫಿಟ್ಟರ್‌ಗಳು ಬಳಸುವ ಉಜ್ಜುಕಾಗದದಲ್ಲಿ ಇರುವುದೂ ಅದೇ ವಸ್ತು. ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಗಡುಸಾದ ಆ ಕಣಗಳು ಸೀದದ್ದನ್ನೂ ಪೊರೆಯನ್ನೂ ಭೇದವಿಲ್ಲದೆ ಅರೆದು ತೆಗೆಯುತ್ತವೆ. ಜೊತೆಗೆ ಎಳೆಗಳು ಸವೆದು ಸಣ್ಣ ಪ್ಲಾಸ್ಟಿಕ್ ಚೂರುಗಳಾಗಿ ಚರಂಡಿ ಸೇರುತ್ತವೆ. ಸ್ಟೀಲ್ ನಾರಿನ ಎಳೆಗಳಿಗೆ ಚೂಪಾದ ಅಂಚು ಇರುತ್ತದೆ; ಅವು ಪೊರೆಯನ್ನು ಕೆರೆಯುತ್ತವೆ, ತೊಳೆಯುವವರ ಬೆರಳನ್ನೂ ಕೊಯ್ಯುತ್ತವೆ. ಹಳತಾದಂತೆ ಮುರಿದ ಎಳೆಗಳು ಪಾತ್ರೆಯಲ್ಲಿ ಉಳಿದು ಪಲ್ಯದೊಳಗೆ ಸಿಕ್ಕ ಅನುಭವ ಎಷ್ಟೋ ಮನೆಗಳದು. ಉಜ್ಜುವ ಲೋಹದ ಎಳೆ ಹೊಟ್ಟೆ ಸೇರಿದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದಲ್ಲಿ ದಾಖಲೆ ಇದೆ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ 2011ರ ಮಾರ್ಚ್‌ನಿಂದ 2012ರ ಜೂನ್ ನಡುವೆ ಆರು ಮಂದಿ ಇಂಥ ಗಾಯದಿಂದ ಚಿಕಿತ್ಸೆ ಪಡೆದರು. ಕೆಂಡದ ಮೇಲಿನ ಗ್ರಿಲ್ ಉಜ್ಜುವ ತಂತಿ ಬ್ರಷ್‌ನಿಂದ ಉದುರಿದ ಎಳೆಗಳು ಮಾಂಸಕ್ಕೆ ಅಂಟಿ ಅವರ ಗಂಟಲು, ಹೊಟ್ಟೆ ಸೇರಿದ್ದವು.

ಚೈನ್‌ಮೇಲ್ ಕೆಲಸ ಮಾಡುವ ಬಗೆಯೇ ಬೇರೆ. ಬಳೆಯ ತಂತಿ ದುಂಡು, ಎಲ್ಲೂ ಅಂಚಿಲ್ಲ. ಅಂಗೈ ಒತ್ತಿದಾಗ ಆ ಒತ್ತಡ ನೂರಾರು ಬಳೆಗಳ ದುಂಡನೆಯ ತುದಿಗಳಲ್ಲಿ ಹಂಚಿಹೋಗಿ, ಮುಟ್ಟಿದ ಚುಕ್ಕೆಯಷ್ಟು ಜಾಗದಲ್ಲಿ ಬಲವಾಗಿ ಬೀಳುತ್ತದೆ. ಸೀದ ಹಿಟ್ಟು, ಕರಕಲಾದ ಮಸಾಲೆ ಪೆಡಸಾದ್ದರಿಂದ ಬಿರುಕುಬಿಟ್ಟು ಚೂರಾಗುತ್ತವೆ. ತಗ್ಗುಗಳೊಳಗೆ ಬೇರೂರಿದ ಪೊರೆಯ ಮೇಲೆ ದುಂಡು ತಂತಿ ಜಾರಿಹೋಗುತ್ತದೆ. ಬಳೆಗಳ ಸ್ಟೇನ್‌ಲೆಸ್ ಸ್ಟೀಲ್ ಬೀಡು ಕಬ್ಬಿಣಕ್ಕಿಂತ ಹೇಳಿಕೊಳ್ಳುವಷ್ಟು ಗಡುಸೂ ಅಲ್ಲ, ಹಾಗಾಗಿ ಹಂಚಿನ ಮೈಯಲ್ಲಿ ಗೀರು ಕೊರೆಯುವ ಭಯ ಕಡಿಮೆ. ಬಲೆ ಆಡಿಸಿದಾಗ ಎಲ್ಲಾದರೂ ಕರಿ ಚಕ್ಕೆ ಎದ್ದು ಬಂದರೆ, ಅದು ಕಬ್ಬಿಣಕ್ಕೆ ಹಿಡಿದುಕೊಳ್ಳದೆ ಮೊದಲೇ ಸಡಿಲವಾಗಿದ್ದ ಪದರ. ಇಂದಲ್ಲ ನಾಳೆ ದೋಸೆಯೊಡನೆ ಎದ್ದು ಬರುತ್ತಿತ್ತು.

ಕನ್ನಡ ನಾಡಿನ ಅಡುಗೆಯಲ್ಲಿ ಇದಕ್ಕೆ ಒಪ್ಪುವ ಪಾತ್ರೆಗಳು ಹಲವು. ಪಡ್ಡಿನ ಹಂಚನ್ನೇ ನೋಡಬಹುದು. ಖಾರದ ಪಡ್ಡು ಹೇಗೋ ಎದ್ದುಬರುತ್ತದೆ. ಬೆಲ್ಲ, ಬಾಳೆಹಣ್ಣು ಹಾಕಿದ ಗುಳಿಯಪ್ಪ ಮಾಡಿದ ದಿನ ಒಂದೊಂದು ಗುಳಿಯ ತಳದಲ್ಲೂ ಪಾಕ ಸೀದು ಕಲ್ಲಾಗಿರುತ್ತದೆ. ಚಪ್ಪಟೆ ಸ್ಕ್ರಬ್ ಗುಳಿಯೊಳಗೆ ಇಳಿಯುವುದಿಲ್ಲ, ಚಾಕುವಿನ ತುದಿಯಲ್ಲಿ ಕೆರೆದರೆ ಪೊರೆ ಹಾಳು. ಚೈನ್‌ಮೇಲ್ ತುದಿಯನ್ನು ಹೆಬ್ಬೆರಳಿಗೆ ಸುತ್ತಿ ಗುಳಿಯಲ್ಲಿ ತಿರುಗಿಸಿದರೆ ಬಳೆಗಳು ಅದರ ಆಕಾರಕ್ಕೇ ಕೂರುತ್ತವೆ. ಕರಾವಳಿಯ ಮನೆಗಳಲ್ಲಿ ಬಂಗುಡೆ ಕಾಯಿಸಿದ ಕಾವಲಿಯ ಮೇಲೆ ಮೆಣಸಿನ ಮಸಾಲೆ ಕರಕಲಾಗಿ ಕೂತಿರುತ್ತದೆ. ಉತ್ತರ ಕರ್ನಾಟಕದಲ್ಲಿ ಎಣ್ಣೆ ಸೋಕಿಸದೆ ಜೋಳದ ರೊಟ್ಟಿ ಸುಡುವ ಹಂಚಿಗೆ ಹಿಟ್ಟು ಸುಟ್ಟು ಅಂಟಿರುತ್ತದೆ. ಅಕ್ಕಿ ರೊಟ್ಟಿ ತಟ್ಟಿದ ಬಾಣಲೆಯ ಅಂಚಿನಲ್ಲೂ ಅಂಥದ್ದೇ ಕಟ್ಟು. ಇವೆಲ್ಲ ಉಗುರಲ್ಲಿ ಕೆರೆದು, ಗಂಟೆಗಟ್ಟಲೆ ನೆನೆಹಾಕಿ ತೊಳೆಯುವ ಪಾತ್ರೆಗಳು. ಕಬ್ಬಿಣಕ್ಕಾದರೋ ನೆನೆಹಾಕುವುದೆಂದರೆ ತುಕ್ಕಿಗೆ ಕರೆ ಕೊಟ್ಟಂತೆ.

ಬಳೆಗಳ ಬಲೆಯಿಂದ ಪಾತ್ರೆ ತೊಳೆಯುವುದು ಇತ್ತೀಚಿನ ಆವಿಷ್ಕಾರವೂ ಅಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕ, ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ತಂತಿ ಬಳೆಗಳನ್ನು ಹೆಣೆದ ಪಾತ್ರೆ ಉಜ್ಜುಕಗಳು ಬಳಕೆಯಲ್ಲಿದ್ದವು. ಕೆಲವಕ್ಕೆ ಹಿಡಿಯೂ ಇತ್ತು. ಮನೆಗಳಿಂದ ಕಬ್ಬಿಣದ ಪಾತ್ರೆ ಮರೆಯಾದಾಗ ಅವೂ ಮರೆಯಾದವು. ನೇಯ್ಗೆಯಂತೂ ಇನ್ನೂ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಸೈನಿಕರು ತೊಟ್ಟ, ಮುಂದೆ ಮೊಘಲರ ಕಾಲದ ಯೋಧರೂ ತೊಟ್ಟ ಲೋಹದ ಬಳೆಗಳ ಕವಚದ್ದೇ ಕಸುಬು ಅದು. ಕತ್ತಿಯ ಏಟನ್ನು ತಡೆದೂ ಮೈಯ ಜೊತೆ ಬಾಗುವ ಗುಣ ಆ ನೇಯ್ಗೆಗಿದೆ. ಮಾಂಸ ಕತ್ತರಿಸುವ ಉದ್ಯಮದಲ್ಲಿ ಕೈ ಕೊಯ್ದುಕೊಳ್ಳದಂತೆ ಇಂದಿಗೂ ಇಂಥ ಬಳೆಗಳ ಕೈಗವಸು ತೊಡುತ್ತಾರೆ.

ಶುಚಿತ್ವದ ಲೆಕ್ಕದಲ್ಲೂ ಈ ಬಲೆ ಮೇಲು. ಜರ್ಮನಿಯ ಫುರ್ಟ್‌ವಾಂಗೆನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2017ರಲ್ಲಿ ಬಳಸಿದ ಅಡುಗೆಮನೆ ಸ್ಪಂಜುಗಳನ್ನು ಪರೀಕ್ಷಿಸಿ, ಕೆಲವು ಜಾಗಗಳಲ್ಲಿ ಒಂದು ಘನ ಸೆಂಟಿಮೀಟರಿಗೆ ಐದು ಸಾವಿರ ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಾಗಳನ್ನು ಕಂಡಿತು. ಎಲ್ಲವೂ ರೋಗ ತರುವಂಥವಲ್ಲ, ನಿಜ. ಆದರೆ ಸದಾ ಒದ್ದೆಯಾಗಿ, ಅನ್ನದ ಅಗುಳು ಸಿಕ್ಕಿಸಿಕೊಂಡು ಸಿಂಕಿನ ಮೂಲೆಯಲ್ಲಿ ಬಿದ್ದಿರುವ ಸ್ಪಂಜಿನ ಗತಿ ಏನೆಂದು ಅದು ತೋರಿಸುತ್ತದೆ. ಬಳೆಗಳ ಬಲೆಯಲ್ಲಿ ನೀರು ನಿಲ್ಲುವ ಜಾಗವಿಲ್ಲ. ಒದರಿ ಮೊಳೆಗೆ ನೇತುಹಾಕಿದರೆ ಬೇಗ ಆರುತ್ತದೆ, ಬೇಕೆಂದರೆ ಕುದಿಯುವ ನೀರಿಗೆ ಹಾಕಿ ತೆಗೆಯಬಹುದು. ತಿಂಗಳಿಗೊಂದು ಸ್ಕ್ರಬ್ ಕಸಕ್ಕೆ ಎಸೆಯುವ ಮನೆಯಲ್ಲಿ ಇದು ವರ್ಷಗಟ್ಟಲೆ ಇರುತ್ತದೆ.

ಹಾಗೆಂದು ಕಂಡ ಕಂಡ ಪಾತ್ರೆಗೆಲ್ಲ ಇದನ್ನು ಹಾಕಬಾರದು. ನಾನ್‌ಸ್ಟಿಕ್ ಮತ್ತು ಸೆರಾಮಿಕ್ ಲೇಪನದ ಪಾತ್ರೆಗಳನ್ನು ಇದು ಒಂದೇ ದಿನದಲ್ಲಿ ಹಾಳುಮಾಡುತ್ತದೆ. ಅಲ್ಯುಮಿನಿಯಂ ಮೆದು ಲೋಹ, ಗೀರು ಬೀಳುತ್ತದೆ. ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯ ತವರದ ಪದರ ತೀರಾ ತೆಳು, ಅದರ ಹತ್ತಿರವೂ ಇದನ್ನು ಒಯ್ಯಬಾರದು. ಎನಾಮಲ್ ಹೊದಿಸಿದ ಕಬ್ಬಿಣ, ಬಳಪದ ಕಲ್ಲಿನ ಪಾತ್ರೆ, ಗಾಜಿನ ಸ್ಟವ್, ಹೊಳೆಯುವ ಸ್ಟೀಲ್ ಪಾತ್ರೆಗಳಿಗೂ ಇದು ಬೇಡ. ಬೀಡು ಕಬ್ಬಿಣ ಮತ್ತು ದಪ್ಪ ಕಬ್ಬಿಣದ ತಗಡಿನ ತವಾ, ಬಾಣಲೆಗಳಿಗೆಂದೇ ಇದನ್ನು ಮೀಸಲಿಡಬೇಕು. ಕೊಳ್ಳುವಾಗ ಪ್ರತಿ ಬಳೆಯ ಸಂದು ಬೆಸುಗೆಯಿಂದ ಕೂಡಿದೆಯೇ ಎಂದು ನೋಡಬೇಕು. ಬೆಸುಗೆಯಿಲ್ಲದ ಬಳೆ ಬಾಯಿಬಿಟ್ಟರೆ ಅದರ ತುದಿ ಹಂಚನ್ನೂ ಕೈಯನ್ನೂ ಕೆರೆಯುತ್ತದೆ.

ಇದೆಲ್ಲ ಯಾಕೆ, ತೆಂಗಿನ ನಾರು ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ದಿನಬಳಕೆಯ ದೋಸೆ ಹಂಚಿಗೆ ಬೆಚ್ಚನೆಯ ನೀರು, ತೆಂಗಿನ ನಾರು ಧಾರಾಳವಾಗಿ ಸಾಕು. ಚೆನ್ನಾಗಿ ಪಳಗಿದ ಹಂಚನ್ನು ಎಷ್ಟೋ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟರೂ ಆಯಿತು. ದರ್ಶಿನಿಗಳಲ್ಲಿ ದೋಸೆ ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸಿ, ಮರುಕ್ಷಣ ಹಿಟ್ಟು ಹುಯ್ಯುವುದನ್ನು ದಿನವೂ ನೋಡಬಹುದು. ಅಲ್ಲಿ ಸೀದದ್ದು ಕೂರಲು ಅವಕಾಶವೇ ಇಲ್ಲ, ಏಕೆಂದರೆ ಪ್ರತಿ ಸುತ್ತಿಗೂ ಕಾವಲಿ ಶುಚಿಯಾಗುತ್ತಿರುತ್ತದೆ. ಆದರೆ ಬೆಂಗಳೂರಿನ ಬಹುಮಹಡಿ ಮನೆಯಲ್ಲಿ ಸುಲಿದ ತೆಂಗಿನಕಾಯಿ ಬರುತ್ತದೆ, ನಾರು ಬರುವುದಿಲ್ಲ. ಅಲ್ಲಿ ಹಂಚು ರಾತ್ರಿಯಿಡೀ ಸಿಂಕಿನಲ್ಲಿ ಬಿದ್ದು ಬೆಳಿಗ್ಗೆ ತೊಳೆಯುವ ಕೈಗೆ ಸಿಗುತ್ತದೆ. ಅಷ್ಟರಲ್ಲಿ ಒಣಗಿ ಕಲ್ಲಾದದ್ದನ್ನು ಕೀಳಲು ನಾರಿನ ಬಲ ಸಾಲದು. ಹಳೆಯದೆಲ್ಲವೂ ಕಬ್ಬಿಣಕ್ಕೆ ಒಳ್ಳೆಯದು ಎನ್ನುವುದೂ ಸರಿಯಲ್ಲ. ಸೌದೆ ಒಲೆಯ ಬೂದಿಯಲ್ಲಿ ಕ್ಷಾರವಿದೆ, ಅದು ಜಿಡ್ಡನ್ನು ತೆಗೆಯುತ್ತದೆ, ದಿನವೂ ಬಳಸಿದರೆ ಪೊರೆಯನ್ನೂ ಸವೆಸುತ್ತದೆ. ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಹೇಳಿ ಮಾಡಿಸಿದ್ದು. ಅದರ ಹುಳಿ ಪಳಗಿದ ಹಂಚಿನ ಮೈಯನ್ನು ಬರಿದು ಮಾಡುತ್ತದೆ. ಒಂದೊಂದು ಲೋಹಕ್ಕೆ ಒಂದೊಂದು ಉಪಚಾರ ಎಂಬುದನ್ನು ಹಳೆಯ ಅಡುಗೆಮನೆಗಳು ಚೆನ್ನಾಗಿ ಅರಿತಿದ್ದವು. ಹಿತ್ತಾಳೆಗೆ ಹುಣಸೆ, ಕಬ್ಬಿಣಕ್ಕೆ ನಾರು, ಮಣ್ಣಿನ ಮಡಕೆಗೆ ಬರೀ ಬಿಸಿನೀರು. ಸ್ಟೀಲ್ ಪಾತ್ರೆಗಳು ಬಂದು ಎಲ್ಲಕ್ಕೂ ಒಂದೇ ಸ್ಕ್ರಬ್ ಎಂದಾದ ಮೇಲೆ ಆ ವಿವೇಚನೆ ಮರೆತುಹೋಯಿತು.

ಕಬ್ಬಿಣದ ಹಂಚು ಉಳಿಯಬೇಕು ಎನ್ನುವುದಕ್ಕೆ ರುಚಿಯೊಂದೇ ಕಾರಣವಲ್ಲ. ಟೆಫ್ಲಾನ್ ಎಂದು ಹೆಸರಾದ ರಾಸಾಯನಿಕವನ್ನು ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ ಮೇಲೆ, 1950ರ ದಶಕದಲ್ಲಿ ಫ್ರಾನ್ಸಿನಲ್ಲಿ ನಾನ್‌ಸ್ಟಿಕ್ ಪಾತ್ರೆಗಳು ಹುಟ್ಟಿಕೊಂಡವು. ಅದರ ತಯಾರಿಕೆಯಲ್ಲಿ ದೀರ್ಘಕಾಲ ಬಳಕೆಯಾದ ಪಿಎಫ್‌ಒಎ ಎಂಬ ರಾಸಾಯನಿಕ ಪರಿಸರದಲ್ಲಿ ಕೊಳೆಯದೆ ಉಳಿಯುತ್ತದೆ ಎಂಬ ಕಾರಣಕ್ಕೆ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಯಂತ್ರಣ ಪಟ್ಟಿಗೆ ಸೇರಿತು. ಈಗಿನ ನಾನ್‌ಸ್ಟಿಕ್ ಪಾತ್ರೆಗಳನ್ನು ಸಾಮಾನ್ಯವಾಗಿ ಅದಿಲ್ಲದೆ ತಯಾರಿಸುತ್ತಾರೆ. ಹಾಗಿದ್ದರೂ ಬರಿದಾಗಿ ಅತಿಯಾಗಿ ಕಾಯಿಸಬಾರದು, ಲೇಪನ ಸವೆದ ಮೇಲೆ ಬಳಸಬಾರದು ಎಂಬ ಎಚ್ಚರಿಕೆ ಉಳಿದೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಲೇಪನ ಕೆಟ್ಟ ನಾನ್‌ಸ್ಟಿಕ್ ಪಾತ್ರೆಗಳನ್ನು ಎಸೆಯುವಂತೆ ಹೇಳುತ್ತದೆ. ಎಸೆಯಲೇಬೇಕಾದ ಪಾತ್ರೆಗೂ, ಕೆಟ್ಟರೆ ತುಕ್ಕು ತೆಗೆದು ಮತ್ತೆ ಪಳಗಿಸಬಹುದಾದ ಪಾತ್ರೆಗೂ ಇರುವ ಅಂತರ ಸಣ್ಣದಲ್ಲ. ಬೀಡು ಕಬ್ಬಿಣದ ಹಂಚು ಬಿರುಕು ಬಿಡದಿದ್ದರೆ ಮೂರು ತಲೆಮಾರು ಬಾಳುತ್ತದೆ.

ರಕ್ತಹೀನತೆಯ ಮಾತೂ ಇದರೊಂದಿಗೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ ಕಬ್ಬಿಣದ ಅಂಶ ಸೇರುತ್ತದೆ ಎಂಬುದು ಸಾಬೀತಾದ ಸಂಗತಿ. ಇಥಿಯೋಪಿಯಾದ ಮಕ್ಕಳ ಮೇಲೆ ನಡೆದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಯುಮಿನಿಯಂ ಪಾತ್ರೆಯ ಅಡುಗೆ ಉಂಡವರಿಗಿಂತ ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳ ಹಿಮೋಗ್ಲೋಬಿನ್ ಹೆಚ್ಚು ಸುಧಾರಿಸಿತ್ತು. ಆದರೆ ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ. ಪಾತ್ರೆ ಹೆಚ್ಚು ಕಬ್ಬಿಣ ಬಿಡುವುದು ಹುಳಿ, ನೀರು ಇರುವ ಅಡುಗೆ ಹೆಚ್ಚು ಹೊತ್ತು ಬೆಂದಾಗ, ಅದೂ ಹೊಸ ಪಾತ್ರೆಯಲ್ಲಿ. ಚೆನ್ನಾಗಿ ಪಳಗಿದ ಹಂಚಿನ ಮೇಲೆ ನಿಮಿಷದಲ್ಲಿ ಬೇಯುವ ದೋಸೆಯಿಂದ ಸಿಗುವುದು ಕಡಿಮೆ. ಹಂಚು ಔಷಧದ ಬದಲಿಯಾಗಲಾರದು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಹಂಚು ನಂಬಿ ನಿಲ್ಲಿಸುವಂತಿಲ್ಲ.

ಇನ್ನು ಉಳಿದಿರುವುದು ಈ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಬರುವ ಸಂಗತಿ: ತೊಳೆಯುವವರ ಶ್ರಮ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಪುರುಷರು 88 ನಿಮಿಷ. ಆ 289 ನಿಮಿಷಗಳಲ್ಲಿ ಮುಸುರೆ ತಿಕ್ಕುವ ಪಾಲು ಎಷ್ಟೆಂದು ಯಾವ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಆರೋಗ್ಯಕ್ಕೆ ಒಳ್ಳೆಯದು, ಸಂಪ್ರದಾಯಕ್ಕೆ ಒಳ್ಳೆಯದು ಎಂದು ಕಬ್ಬಿಣದ ಹಂಚನ್ನು ಹೊಗಳುವ ಗಂಡಸರು ಅದನ್ನು ತೊಳೆಯಲು ನಿಂತದ್ದು ಅಪರೂಪ. ಎರಡು ಕಿಲೋ ತೂಗುವ ಹಂಚನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಹತ್ತು ನಿಮಿಷ ಉಜ್ಜುವುದು ಮಣಿಕಟ್ಟಿಗೆ ನಿತ್ಯದ ನೋವು. ಚೈನ್‌ಮೇಲ್‌ನಿಂದ ಅದೇ ಕೆಲಸ ಒಂದೆರಡು ನಿಮಿಷದಲ್ಲಿ, ಹೆಚ್ಚು ಬಲ ಹಾಕದೆ ಮುಗಿಯುತ್ತದೆ.

ಸಂಬಳಕ್ಕೆ ಈ ಕೆಲಸ ಮಾಡುವವರ ಪಾಡು ಇನ್ನೂ ಕಠಿಣ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ಕರ್ನಾಟಕ. ಕೂಲಿಯ ಮಾತು ಅಷ್ಟಾದರೂ ಬಂತು, ಕೆಲಸದ ಸಲಕರಣೆಯ ಮಾತು ಬರಲೇ ಇಲ್ಲ. ಒಂದೇ ಬೆಳಿಗ್ಗೆ ನಾಲ್ಕಾರು ಮನೆ ಮುಗಿಸಬೇಕಾದವರಿಗೆ ಒಂದು ಮನೆಯಲ್ಲಿ ನಾನ್‌ಸ್ಟಿಕ್, ಇನ್ನೊಂದರಲ್ಲಿ ಬೀಡು ಕಬ್ಬಿಣ, ಮತ್ತೊಂದರಲ್ಲಿ ಕಲಾಯಿ ಹಾಕಿದ ಹಿತ್ತಾಳೆ ಎದುರಾಗುತ್ತದೆ. ಎಲ್ಲೆಡೆಯೂ ಕೈಗೆ ಸಿಗುವುದು ಅದೇ ಸವೆದ ಹಸಿರು ಸ್ಕ್ರಬ್. ಪಾತ್ರೆ ಹಾಳಾದರೆ ಹೊಣೆ ಮಾತ್ರ ಅವರದು. ಸಾವಿರಾರು ರೂಪಾಯಿಯ ಹಂಚು ಕೊಳ್ಳುವ ಮನೆ, ಅದನ್ನು ಕಾಯುವ ಕೆಲವು ನೂರರ ಬಲೆಯನ್ನು ಕೊಳ್ಳದೆ ಕೆಲಸದಾಕೆಯನ್ನು ದೂರುವುದು ಅನ್ಯಾಯ.

ಹೇಳಿಕೊಡಬೇಕಾದದ್ದು ತುಂಬ ಏನಿಲ್ಲ. ಅಡುಗೆ ಮುಗಿದು ಹಂಚು ಇನ್ನೂ ಬೆಚ್ಚಗಿರುವಾಗಲೇ ತೊಳೆಯಬೇಕು. ಕೆಂಪಗೆ ಕಾದ ಹಂಚಿಗೆ ತಣ್ಣೀರು ಹುಯ್ಯಬಾರದು, ಬೀಡು ಕಬ್ಬಿಣ ಪೆಡಸು ಲೋಹವಾದ್ದರಿಂದ ಬಿರುಕು ಬಿಡಬಹುದು. ಸ್ವಲ್ಪ ಬೆಚ್ಚನೆ ನೀರು ಹಾಕಿ, ಚೈನ್‌ಮೇಲ್ ಅನ್ನು ಅಂಗೈ ಅಡಿ ಇಟ್ಟುಕೊಂಡು ಹಗುರವಾಗಿ ಸುತ್ತು ಸುತ್ತಾಗಿ ಆಡಿಸಬೇಕು. ಸೀದ ಜಾಗ ಬಿಟ್ಟರೆ ಉಳಿದ ಕಡೆ ಒತ್ತಡ ಬೇಕಿಲ್ಲ. ಜಿಡ್ಡು ಹೆಚ್ಚಿದ್ದರೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ತೊಳೆದೊಡನೆ ಬಟ್ಟೆಯಲ್ಲಿ ಒರೆಸಿ, ಒಲೆಯ ಸಣ್ಣ ಉರಿಯಲ್ಲಿ ನೀರಿನ ಪಸೆ ಆರುವವರೆಗೆ ಇಡಬೇಕು. ಕೊನೆಗೆ ಒಂದೆರಡು ತೊಟ್ಟು ಎಣ್ಣೆ ಸವರಿ, ಸವರಿದ್ದನ್ನು ಮತ್ತೆ ಒರೆಸಿಬಿಡಬೇಕು. ಎಣ್ಣೆ ದಪ್ಪನಾಗಿ ಉಳಿದರೆ ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಕೆಲಸದಾಕೆ ಬರುವಷ್ಟರಲ್ಲಿ ಹಂಚು ತಣ್ಣಗಾಗಿ ಕಟ್ಟು ಒಣಗಿರುವ ಮನೆಗಳಲ್ಲಿ, ಅದರಲ್ಲಿ ಒಂದು ಲೋಟ ನೀರು ಕುದಿಸಿ ಆಮೇಲೆ ಬಲೆ ಆಡಿಸಿದರಾಯಿತು. ತಿನ್ನುವವರೇ ಉಂಡು ಎದ್ದೊಡನೆ ಇಷ್ಟು ಮಾಡಿಟ್ಟರಂತೂ ಇನ್ನೂ ಒಳ್ಳೆಯದು.

ಇದರಲ್ಲಿ ಪಾತ್ರೆ ಉದ್ಯಮದ ಹೊಣೆ ದೊಡ್ಡದು. ಹೊಸ ಹಂಚಿನ ಜೊತೆ ಬರುವ ಸೂಚನೆಯ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಕೊಂಡವರು ಓದಿ ಕಸದ ಬುಟ್ಟಿಗೆ ಹಾಕುತ್ತಾರೆ, ಸಿಂಕಿನ ಬಳಿ ನಿಲ್ಲುವವರಿಗೆ ಅದು ತಲುಪುವುದೇ ಇಲ್ಲ. ಹಂಚು ಪಳಗಿಸಿಯೇ ಮಾರುವುದನ್ನು ರೂಢಿಗೆ ತಂದ ಉದ್ಯಮಕ್ಕೆ ಇದನ್ನು ಸರಿಪಡಿಸುವುದು ಕಷ್ಟದ ಹೆಜ್ಜೆಯಲ್ಲ. ಪೆಟ್ಟಿಗೆಯೊಳಗೆ ಹಂಚಿನ ಅಳತೆಗೆ ತಕ್ಕ ಚೈನ್‌ಮೇಲ್ ಒಂದನ್ನು ಸೇರಿಸಲಿ. ತೊಳೆಯುವ ಕ್ರಮವನ್ನು ಚಿತ್ರಗಳ ಸಮೇತ ಕನ್ನಡದಲ್ಲಿ, ನೀರು ಬಿದ್ದರೂ ಹಾಳಾಗದ ಹಾಳೆಯಲ್ಲಿ ಅಚ್ಚು ಹಾಕಿಸಿ, ಸಿಂಕಿನ ಮೇಲೆ ಅಂಟಿಸಲು ಬರುವಂತೆ ಕೊಡಲಿ. ಪಾತ್ರೆ ಅಂಗಡಿಯವರು ಹಂಚು ಕಟ್ಟಿಕೊಡುವಾಗ ಎರಡು ನಿಮಿಷ ತೊಳೆದು ತೋರಿಸಲಿ. ಹಬ್ಬದ ಹಂಗಾಮಿನಲ್ಲಿ ರಿಯಾಯಿತಿಯ ಹೆಸರಿನಲ್ಲಿ ಬೇಡದ ಚಮಚ, ಡಬ್ಬಿಗಳನ್ನು ಉಚಿತವಾಗಿ ಕೊಡುವ ಕಂಪನಿಗಳು, ಅದೇ ಖರ್ಚಿನಲ್ಲಿ ಇಷ್ಟನ್ನು ಈ ವರ್ಷದಿಂದಲೇ ಶುರುಮಾಡಬಹುದು.